ಗಿಡ್ಡಮ್ಮನ ಮಣೆ

“ಕಾಲ ಕಡಿ ಇನ್ನೂ ಒಂದೂವರಿ ಅಡಿ ಖಾಲಿ ಐತಿ,” ಎಂದು ಬಡಗಿ ಎರ್ರಣ್ಣ ಶವಪೆಟ್ಟಿಗೆಯೊಳಗೆ ಗೇಣು ಹಾಕುತ್ತ ಹೇಳಿದ. ಹೇಳಿದವನು ತಲೆ ಮೇಲೆತ್ತಲಿಲ್ಲ.

ಪಕ್ಕದ ಮನೆಯ ಹಂಪಮ್ಮ ಸೊಂಟದ ಮೇಲೆ ಕೈಯಿಟ್ಟುಕೊಂಡು ನಿಂತಿದ್ದಳು. “ಅಲ್ಲೋ ಎರ್ರಣ್ಣ, ಆಕಿ ಹೆಸರ ಗಿಡ್ಡಮ್ಮ. ಹೆಸರ ಕೇಳಿದ ಮ್ಯಾಲೂ ಐದೂವರಿ ಅಡಿ ಪೆಟಿಗಿ ಮಾಡ್ಕೊಂಡ ಬಂದಿಯಲ್ಲ. ಒಳಗ ಆಕಿ ಅಡ್ಡಾಡಬೇಕೇನು?”

“ನನ್ನ ತಪ್ಪೇನೈತಿ ಅಕ್ಕ. ಚರ್ಚಿನ ಉಪದೇಶಿಯೋರು ಚೀಟಿ ಬರದು ಕಳಿಸಿದ್ರು. ಚೀಟ್ಯಾಗ ಮಗ್ದಲೇನಮ್ಮ ಅಂತ ಇತ್ತು. ಇಷ್ಟುದ್ದ ಹೆಸರಿದ್ದಾಕಿ ಉದ್ದನೇ ಇರಬೇಕು ಅನ್ಕಂಡೆ.”

ಬೆಳಗಿನಿಂದ ಅತ್ತು ಅತ್ತು ಮೂಗು ಕೆಂಪಗೆ ಮಾಡಿಕೊಂಡಿದ್ದ ಹೆಂಗಸರು ಸೆರಗನ್ನು ಬಾಯಿಗೆ ಒತ್ತಿಕೊಂಡರು. ನಗು ತಡೆಯಲಾಗದೆ ಇಬ್ಬರು ಹಿತ್ತಲಿಗೇ ಎದ್ದುಹೋದರು. ಮಗ್ದಲೇನಮ್ಮ ಎಂಬುದು ಜ್ಞಾನಸ್ನಾನದ ಹೆಸರು. ಚರ್ಚಿನ ಪುಸ್ತಕ ಬಿಟ್ಟರೆ ಬೇರೆಲ್ಲೂ ಅದು ಬಳಕೆಯಾದದ್ದಿಲ್ಲ. ಬಳ್ಳಾರಿಯ ಬ್ರೂಸ್‌ಪೇಟೆಗೆಲ್ಲ ಆಕೆ ಮಂಡಕ್ಕಿ ಗಿಡ್ಡಮ್ಮ. ಅರವತ್ತು ವರ್ಷ, ನಾಲ್ಕಡಿ ಎತ್ತರ. ಗಂಡ ಹೋಗಿ ಇಪ್ಪತ್ತು ವರ್ಷವಾಗಿತ್ತು, ಮಕ್ಕಳಿರಲಿಲ್ಲ. ಈಗ ಮಂಡಕ್ಕಿ ಹುರಿಯುವ ಭಟ್ಟಿಯ ಮುಂದಿನ ಪಡಸಾಲೆಯಲ್ಲಿ ಬಿಳಿ ಸೀರೆ ಉಟ್ಟು, ಬೆರಳಿಗೆ ಜಪಮಾಲೆ ಸುತ್ತಿಸಿಕೊಂಡು, ಈ ಗದ್ದಲಕ್ಕೂ ತನಗೂ ಸಂಬಂಧವಿಲ್ಲ ಎನ್ನುವಂತೆ ಮಲಗಿದ್ದಳು. ಬದುಕಿದ್ದರೆ ಎರ್ರಣ್ಣನಿಗೆ ಬೈಗುಳವನ್ನೂ ಒಂದು ಪಡಿ ಮಂಡಕ್ಕಿಯನ್ನೂ ಒಟ್ಟಿಗೇ ಕೊಟ್ಟು ಕಳಿಸುತ್ತಿದ್ದಳು.

ನಗದೆ ಕೂತವಳು ಒಬ್ಬಳೇ, ಜಡೆಮ್ಮ. ಹದಿನೆಂಟರ ಹುಡುಗಿ, ಎದ್ದು ನಿಂತರೆ ಬಾಗಿಲ ಮೇಲಿನ ಪಟ್ಟಿಗೆ ತಲೆ ತಾಗಬೇಕು. ಬೆಳಗಿನ ಬಸ್ಸಿಗೆ ಅಪ್ಪ ಮಾರೆಣ್ಣನ ಜೊತೆ ಸಿರುಗುಪ್ಪದಿಂದ ಬಂದಿದ್ದಳು. ಬಂದದ್ದು ಸಾವಿಗಲ್ಲ, ಸಾವಿನ ಸುದ್ದಿ ಗೊತ್ತಾದದ್ದು ಓಣಿಯ ಬಾಯಲ್ಲಿ. ಬಂದದ್ದು ನಾಳಿನ ಭಾನುವಾರಕ್ಕೆ.

“ಹಂಗಾರ ನಾಳಿ ನಿಮ್ಮ ಹೊಡಿಯೋ ಪೂಜಿ ನಿಲ್ಲತೈತೇನು?” ಎಂದು ಹಂಪಮ್ಮ ಕೇಳಿದಳು. ಆಕೆ ಚರ್ಚಿಗೆ ಸೇರಿದವಳಲ್ಲ, ಆದರೆ ನಲವತ್ತು ವರ್ಷ ಗಿಡ್ಡಮ್ಮನ ಗೋಡೆಗೆ ಗೋಡೆ ಹಚ್ಚಿ ಬದುಕಿದವಳು.

ಹೊಡೆಯುವ ಪೂಜೆಯೆಂದರೆ ದೃಢೀಕರಣ. ಮಕ್ಕಳು ಸಾಲಾಗಿ ನಿಲ್ಲುತ್ತಾರೆ. ಬಿಷಪ್ಪರು ಒಬ್ಬೊಬ್ಬರ ಮುಂದೆಯೂ ಬಂದು ಹಣೆಗೆ ಪವಿತ್ರ ತೈಲದಿಂದ ಶಿಲುಬೆ ಬರೆದು, ಕೆನ್ನೆಗೆ ಒಂದು ಪೆಟ್ಟು ಕೊಡುತ್ತಾರೆ. ಇನ್ನು ಮೇಲೆ ನಂಬಿದ್ದಕ್ಕಾಗಿ ಪೆಟ್ಟು ತಿನ್ನಲೂ ಸಿದ್ಧನಿರು ಎಂಬ ಗುರುತಿಗೆ. ಪ್ರತಿ ಹುಡುಗಿಯ ಬೆನ್ನ ಹಿಂದೆ ಒಬ್ಬ ಜ್ಞಾನತಾಯಿ ನಿಂತು ಬಲಗೈಯನ್ನು ಅವಳ ಹೆಗಲ ಮೇಲೆ ಇಟ್ಟಿರಬೇಕು. ಹೆತ್ತವಳು ಹಾಗೆ ನಿಲ್ಲುವಂತಿಲ್ಲ. ನಿಲ್ಲುವವಳಿಗೆ ತನ್ನ ದೃಢೀಕರಣ ಮೊದಲೇ ಆಗಿರಬೇಕು.

ಮದ್ರಾಸಿನಿಂದ ಬಿಷಪ್ಪರು ಬಂದಾಗಲೆಲ್ಲ ಊರಿನ ಹುಡುಗಿಯರು ಆರಿಸುತ್ತಿದ್ದುದು ಗಿಡ್ಡಮ್ಮನನ್ನೇ. ಹೆಗಲು ಎಟಕುವುದಿಲ್ಲವೆಂದು ಭಟ್ಟಿಯ ಮುಂದೆ ಕೂರುವ ಗೇಣೆತ್ತರದ ಮಣೆಯನ್ನು ಕಂಕುಳಲ್ಲಿ ಹಿಡಿದುಕೊಂಡೇ ಆಕೆ ಚರ್ಚಿಗೆ ಬರುತ್ತಿದ್ದಳು. ಮಣೆ ಹತ್ತಿ, ಕಾದ ಮರಳಿನ ಕಿಡಿ ತಿಂದು ಒರಟಾದ ಕೈಯನ್ನು ಹೆಗಲ ಮೇಲಿಟ್ಟು, “ಹೆದರಬ್ಯಾಡ, ನಾ ಅದೀನಿ,” ಎಂದು ಕಿವಿಯಲ್ಲಿ ಹೇಳುತ್ತಿದ್ದಳು. ಹಾಗೆ ಹೇಳಿಸಿಕೊಂಡ ಹನ್ನೊಂದು ಹೆಂಗಸರು ಈಗ ಪಡಸಾಲೆಯಲ್ಲಿ ಕೂತಿದ್ದರು. ನಾಳೆ ಹನ್ನೆರಡನೆಯವಳು ಜಡೆಮ್ಮನೆಂದು ಎಲ್ಲರೂ ತಿಳಿದಿದ್ದರು. ಹದಿನೈದು ದಿನಕ್ಕೆ ಕುರುಗೋಡಿನ ಹುಡುಗನೊಂದಿಗೆ ಅವಳ ಮದುವೆ. ಮದುವೆಗೆ ಮೊದಲು ದೃಢೀಕರಣ ಆಗಲೇಬೇಕೆಂದು ಫಾದರು ಖಂಡಿತವಾಗಿ ಹೇಳಿದ್ದರು.

“ಸಂಜಿ ಗಂಟಿ ಹೊಡಿಯೋದ್ರಾಗ ಯಾರದರ ಹೆಸರು ಬರಸಬೇಕಂತ, ಮಗಳ,” ಎಂದ ಮಾರೆಣ್ಣ ಬಾಗಿಲ ಹೊರಗಿನಿಂದ. “ಇಲ್ಲೇ ಇಷ್ಟು ಮಂದಿ ಅದಾರ. ಯಾರನ್ನರ ಕೇಳು.”

“ನಾ ನಿಂದ್ರತೀನಿ ಬಿಡು,” ಎಂದು ಮೂವರು ಒಟ್ಟಿಗೇ ಹೇಳಿದರು. ಜಡೆಮ್ಮ ಮೂವರ ಕೈಗಳನ್ನೂ ನೋಡಿದಳು. ಒಳ್ಳೆಯ ಕೈಗಳೇ. ಆದರೂ ಅವಳ ಹೆಗಲು ಯಾವುದಕ್ಕೂ ಒಪ್ಪಲಿಲ್ಲ.

ಅಷ್ಟರಲ್ಲಿ ಎರ್ರಣ್ಣ ದಾರಿ ಹುಡುಕಿದ್ದ. “ಆ ಮಣಿ ಕೊಡ್ರಿ ಇಲ್ಲಿ. ಕಾಲ ಹತ್ರ ಇಟ್ರ ಸಂದಿ ತುಂಬತೈತಿ. ಆಕಿದ ಆಕಿ ಕೂಡ ಹೋಗಲಿ.”

ಎಲ್ಲರಿಗೂ ಸರಿಯೆನಿಸಿತು. ಮಣೆ ಪೆಟ್ಟಿಗೆಯೊಳಗೆ ಇಳಿಯುತ್ತಿರುವಾಗ ಬಾಗಿಲಲ್ಲಿ ಉದ್ದನೆಯ ನೆರಳು ಬಿತ್ತು.

“ಅದನ್ನ ಯಾಕ ಹೂಳ್ತೀರಿ? ತಗೀರಿ ಹೊರಗ.”

ಆರೋಗ್ಯಮ್ಮ. ಎದುರುಗಡೆಯ ಮಂಡಕ್ಕಿ ಭಟ್ಟಿಯವಳು. ಗಿಡ್ಡಮ್ಮನ ವಾರಗೆಯವಳೇ, ಆದರೆ ಜಡೆಮ್ಮನಿಗಿಂತಲೂ ನಾಲ್ಕು ಬೆರಳು ಎತ್ತರ. ಈ ಇಬ್ಬರ ಜಗಳ ಬ್ರೂಸ್‌ಪೇಟೆಗೆ ಕೋಳಿ ಕೂಗಿದಷ್ಟೇ ಸಹಜ. ನಿನ್ನ ಹೊಗೆ ನನ್ನ ಕಡೆ ಬಂತು ಎಂದು ಬೆಳಿಗ್ಗೆ ಶುರುವಾದರೆ, ನಿನ್ನ ಮಂಡಕ್ಕಿ ಮೆತ್ತಗೆ ಎನ್ನುವಲ್ಲಿಗೆ ಸಂಜೆ ಮುಗಿಯುತ್ತಿತ್ತು. ಆಕೆ ಯಾರ ಮುಖವನ್ನೂ ನೋಡದೆ ಮಣೆಯನ್ನು ಎತ್ತಿ ಕಂಕುಳಲ್ಲಿ ಇಟ್ಟುಕೊಂಡಳು.

“ಸಂದಿ ತುಂಬಾಕ ನಾ ತರತೀನಿ,” ಎಂದವಳೇ ಓಣಿ ದಾಟಿ ಹೋದಳು.

“ಸತ್ತ ಮ್ಯಾಲೂ ಬಿಡಲಿಲ್ಲ ನೋಡ ಈಕಿ,” ಎಂದಳು ಹಂಪಮ್ಮ. ಜಡೆಮ್ಮನಿಗೆ ಮೈ ಉರಿಯಿತು. ಎದ್ದು ಹೋಗಿ ಮಣೆ ಕಿತ್ತುಕೊಂಡು ಬರಬೇಕು ಎಂದುಕೊಳ್ಳುವಾಗಲೇ ಉಪದೇಶಿ ಇನ್ನಾಸಪ್ಪ ದಪ್ಪ ಪುಸ್ತಕವನ್ನು ಎದೆಗವಚಿಕೊಂಡು ಬಂದ. ಫಾದರು ಹಲಕುಂದಿಯ ಕಡೆ ಕಾಯಿಲೆಯವರೊಬ್ಬರನ್ನು ನೋಡಲು ಸೈಕಲ್ಲಿನಲ್ಲಿ ಹೋಗಿದ್ದರು. ಅವರು ಬರುವುದರೊಳಗೆ ಸಾವಿನ ಪುಸ್ತಕಕ್ಕೆ ಬೇಕಾದ ವಿವರವನ್ನೆಲ್ಲ ಬರೆದಿಡುವುದು ಅವನ ಕೆಲಸ. ಇನ್ನಾಸಪ್ಪ ಮೆಲ್ಲಗೆ ಮಾತಾಡಬಲ್ಲವನಲ್ಲ.

“ಇದೇನ್ರಿ ಇದು,” ಎಂದ, ಇಡೀ ಓಣಿಗೆ ಕೇಳುವಂತೆ. “ಸಾವಿರದ ಎಂಟನೂರ ತೊಂಬತ್ತು, ಜ್ಞಾನಸ್ನಾನ, ಸರಿ ಐತಿ. ಲಗ್ನ, ಸರಿ ಐತಿ. ದೃಢೀಕರಣದ ಜಾಗ ಖಾಲಿ ಐತಲ್ಲ. ಈಕಿಗೆ ದೃಢೀಕರಣನ ಆಗಿಲ್ಲ.”

ಜಡೆಮ್ಮ ಕಣ್ಣು ಮುಚ್ಚಿಕೊಂಡಳು. ಈ ಗುಟ್ಟು ಲೋಕದಲ್ಲಿ ತನಗೊಬ್ಬಳಿಗೇ ಗೊತ್ತೆಂದು ಅವಳು ಆರು ವರ್ಷದಿಂದ ತಿಳಿದಿದ್ದಳು.

*

ಅವಳಿಗೆ ಆಗ ಹನ್ನೆರಡು. ಬಿಷಪ್ಪರ ಏಟಿಗೆ ಹಿಂದಿನ ಸಲ ಒಬ್ಬಳ ಹಲ್ಲು ಬಿದ್ದಿತ್ತೆಂದು ಸಿರುಗುಪ್ಪದ ಹುಡುಗರು ಹೇಳಿದ್ದರು. ಬಿದ್ದ ಹಲ್ಲನ್ನು ಕಂಡವರೂ ಇದ್ದರು. ಸಾಲಿನಲ್ಲಿ ನಿಂತ ಜಡೆಮ್ಮ, ಬಿಷಪ್ಪರು ಇನ್ನು ಮೂರೇ ಹುಡುಗಿಯರ ಆಚೆ ಇದ್ದಾರೆ ಎನ್ನುವಾಗ, ಹೆಗಲ ಮೇಲಿನ ಗಿಡ್ಡಮ್ಮನ ಕೈ ಕೊಸರಿಕೊಂಡು ಓಡಿಬಿಟ್ಟಳು. ಓಡಿ ಬಂದದ್ದು ಈ ಭಟ್ಟಿಗೇ. ಅಪ್ಪ ಗಾಡಿಯಲ್ಲಿ ತಂದು ಹಾಕಿದ ಭತ್ತದ ಚೀಲಗಳ ಹಿಂದೆ ಮುದುರಿ ಕೂತಳು.

ಸ್ವಲ್ಪ ಹೊತ್ತಿಗೆ ಗಿಡ್ಡಮ್ಮ ಬಂದಳು. ಅಲ್ಲಿ ಇಲ್ಲಿ ಹುಡುಕಲಿಲ್ಲ, ನೇರವಾಗಿ ಆ ಮೂಲೆಗೇ ಬಂದು ಮಣೆ ಹಾಕಿದಳು.

“ಸ್ವಲ್ಪ ಸರಕೋ,” ಎಂದಳು.

“ನಾ ಇಲ್ಲೇ ಅದೀನಿ ಅಂತ ಹೆಂಗ ಗೊತ್ತಾತು, ಅತ್ತಿ?”

“ನಾನೂ ಇಲ್ಲೇ ಕುಂತಿದ್ದೆ. ಹನ್ನೆರಡು ವರ್ಷದಾಕಿ ಇದ್ದಾಗ. ಆಗ ಭಟ್ಟಿ ನಮ್ಮವ್ವಂದು. ಸಾಲಿನಾಗಿಂದ ಓಡಿ ಬಂದು, ಇದ ಮೂಲ್ಯಾಗ ಸಂಜಿ ಮಟ ಕುಂತಿದ್ದೆ.”

“ಮತ್ತ ಯಾವಾಗ ಮಾಡಿಸ್ಕಂಡಿ?”

ಗಿಡ್ಡಮ್ಮ ಮಡಿಲಿನಿಂದ ಮಂಡಕ್ಕಿ ತೆಗೆದು ಹುಡುಗಿಯ ಕೈಗೆ ಹಾಕಿದಳು. “ಇನ್ನೂ ಇಲ್ಲ. ಮತ್ತ ಬಿಷಪ್ಪರು ಬರೋದ್ರಾಗ ನಂದು ಲಗ್ನ ಆಗಿತ್ತು, ಆಗೆಲ್ಲ ಲಗ್ನಕ್ಕ ಇದನ್ನ ಕೇಳತಿದ್ದಿಲ್ಲ. ಸಣ್ಣ ಹುಡುಗ್ಯಾರ ಸಾಲಿನಾಗ ನಿಂದ್ರಾಕ ನಾಚಿಕಿ ಆತು. ಆಗ ಒಬ್ಬಾಕಿ ಬಂದು, ನನ್ನ ಹಿಂದ ನಿಂದ್ರು ಗಿಡ್ಡಕ್ಕ ಅಂತ ಅಳಾಕ ಹತ್ತಿದ್ಲು. ನನಗ ಆಗಿಲ್ಲವ್ವ ಅಂತ ಹೆಂಗ ಹೇಳ್ಲಿ? ನಿಂತೆ. ನನ್ನ ಹಿಂದ ನಿಂತಾಕಿ ಕೈ ಅವತ್ತು ಗಟ್ಟಿ ಇದ್ದಿದ್ರ ನಾ ಓಡತಿದ್ದಿಲ್ಲ. ಅದಕ್ಕ ಆಕಿ ಹೆಗಲು ಗಟ್ಯಾಗಿ ಹಿಡದೆ. ಆಮ್ಯಾಲ ಎಲ್ಲಾರೂ ನನ್ನ ಕರದ್ರು.”

“ಪಾಪ ಅಲ್ಲೇನು?”

“ಇರಬೌದು. ಮುಂದಿನ ಸಲ ನಾನೂ ನೀನೂ ಕೂಡೇ ನಿಂದ್ರೋಣ. ಮುದುಕ್ಯಾದ್ರೂ ಚಿಂತಿಲ್ಲ. ನನ್ನ ಕೈ ನೀ ಹಿಡಕೋ, ನಿನ್ನ ಕೈ ನಾ ಹಿಡಕಂತೀನಿ.”

“ಹಿಂದ ಯಾರು ನಿಂದ್ರತಾರ?”

“ನನಗೂ ಅದ ಯೋಚನಿ,” ಎಂದು ಗಿಡ್ಡಮ್ಮ ನಕ್ಕಿದ್ದಳು.

*

ಆ ಮುಂದಿನ ಸಲ ಬರಲು ಆರು ವರ್ಷ ಬೇಕಾಯಿತು. ಬಳ್ಳಾರಿಗೆಂದೇ ಒಬ್ಬ ಬಿಷಪ್ಪರು ಬಂದು, ದಿನವೂ ಗೊತ್ತಾಗಿ, ಎರಡೇ ಎರಡು ದಿನ ಉಳಿದಿರುವಾಗ ಗಿಡ್ಡಮ್ಮ ಹೋಗಿಬಿಟ್ಟಿದ್ದಳು. ಬಯಸಿದ್ದನ್ನು ಪಡೆಯದೆಯೇ ಹೋದಳಲ್ಲ ಎಂದು ಜಡೆಮ್ಮ ಬೆಳಗಿನಿಂದ ಒಳಗೇ ಅಳುತ್ತಿದ್ದಳು. ಈಗ ನೋಡಿದರೆ ಪಡಸಾಲೆಯ ಅಳು ಬೇರೆಯೇ ದಾರಿ ಹಿಡಿದಿತ್ತು.

“ಹಂಗಾರ ನಮ್ಮದು?” ಎಂದಳು ಹನ್ನೊಂದರಲ್ಲಿ ಒಬ್ಬಳು. “ಆಕಿದ ಆಗಿಲ್ಲಂದ್ರ ಆಕಿ ಕೈ ಇಟ್ಟಿದ್ದು ಲೆಕ್ಕಕ್ಕಿಲ್ಲ. ನಮ್ಮದೂ ಆಗಿಲ್ಲ.”

“ನನ್ನ ಲಗ್ನ?” ಎಂದಳು ಇನ್ನೊಬ್ಬಳು. “ಅದು ಆಗೇತಿ ಅಂತ್ಹೇಳೇ ಲಗ್ನ ಮಾಡಿದ್ರು. ಮೂರು ಮಕ್ಕಳದಾವ.”

“ನಾಳಿ ಮತ್ತ ಸಾಲಿನಾಗ ನಿಂತು ಹೊಡಸ್ಕಬೇಕೇನು, ಉಪದೇಶಿಯೋರ? ನನ್ನ ಸೊಸಿ ಮುಂದ?”

ಗೊತ್ತಿಲ್ಲವೆಂದು ಹೇಳುವ ಅಭ್ಯಾಸ ಇನ್ನಾಸಪ್ಪನಿಗೆ ಇರಲಿಲ್ಲ. “ನೋಡಬೇಕಾಗತೈತಿ,” ಎಂದು ಪುಟ ಹಿಂದೆ ಮುಂದೆ ತಿರುವಿದ. ಅವನು ತಿರುವಿದಷ್ಟೂ ಹೆಂಗಸರ ದನಿ ಏರಿತು. ಅವರಲ್ಲೊಬ್ಬಳು ಸತ್ತವಳ ಕಡೆ ತಿರುಗಿ, “ಮೋಸ ಮಾಡಿದ್ಯಲ್ಲ ಗಿಡ್ಡಕ್ಕ,” ಎಂದೂ ಅಂದಳು.

“ಯಾಕಿ ಅದು, ಮೋಸ ಅಂದಾಕಿ?”

ಆರೋಗ್ಯಮ್ಮ ಬಾಗಿಲಲ್ಲಿದ್ದಳು, ತಲೆಯ ಮೇಲೆ ಒಂದು ಚೀಲ ಮಂಡಕ್ಕಿ. ಚೀಲವನ್ನು ಪೆಟ್ಟಿಗೆಯ ಪಕ್ಕ ಇಳಿಸಿ ಸೆರಗಿನಿಂದ ಮುಖ ಒರೆಸಿಕೊಂಡಳು.

“ಆಕಿದು ಆಗಿಲ್ಲ ಅಂತ ನಿಮಗ ಇವತ್ತು ಗೊತ್ತಾತು. ನನಗ ನಲವತ್ತೆಂಟು ವರ್ಷದಿಂದ ಗೊತ್ತೈತಿ. ಅವತ್ತ ಸಾಲಿನಾಗ ಆಕಿ ಪಕ್ಕದಾಗ ನಿಂತಾಕಿ ನಾನು. ಓಡಿಹೋಗಾಗ ನನ್ನ ಕಾಲ ತುಳದ ಓಡಿದ್ಲು.”

ಜಡೆಮ್ಮ ಮೊದಲ ಬಾರಿಗೆ ಆರೋಗ್ಯಮ್ಮನ ಮುಖವನ್ನು ಸರಿಯಾಗಿ ನೋಡಿದಳು. ನಲವತ್ತೆಂಟು ವರ್ಷ ಈ ಹೆಂಗಸು ಓಣಿಯಲ್ಲಿ ನಿಂತು ಗಿಡ್ಡಮ್ಮನ ಅಡುಗೆಯಿಂದ ಹಿಡಿದು ಅವಳ ಗಂಡನ ಕುಲದವರೆಗೆ ಬೈದಿದ್ದಳು. ಇದೊಂದನ್ನು ಬಾಯಿಗೆ ತಂದಿರಲಿಲ್ಲ.

“ಮತ್ತ ಇನ್ನೊಂದು,” ಎಂದಳು ಆರೋಗ್ಯಮ್ಮ. “ಆಕಿದು ಆಗಿಲ್ಲ ಅಂತ ಯಾರು ಹೇಳಿದ್ದು? ಆಗೇತಿ. ಗುರುವಾರ ಆತು.”

*

ಗುರುವಾರ ಮಧ್ಯಾಹ್ನ ಎದುರಿನ ಭಟ್ಟಿಯಿಂದ ಮರಳು ಕೆದರುವ ಸದ್ದು ನಿಂತಿತ್ತು. ಬೈಯಲು ಒಳ್ಳೆಯ ಅವಕಾಶವೆಂದು ಆರೋಗ್ಯಮ್ಮ ಕತ್ತು ಚಾಚಿದರೆ, ಗಿಡ್ಡಮ್ಮ ಮಣೆಯಿಂದ ಪಕ್ಕಕ್ಕೆ ಉರುಳಿದ್ದಳು. ಎತ್ತಿ ಮಂಚಕ್ಕೆ ಹಾಕಿ, ಜಟಕಾದವನೊಬ್ಬನನ್ನು ಓಡಿಸಿ ಫಾದರನ್ನು ಕರೆಸಿದಳು. ಫಾದರು ರಾಯಪ್ಪ ಕೋಲಾರದ ಕಡೆಯವರು, ಇನ್ನೂ ಚಿಕ್ಕ ವಯಸ್ಸು. ಪಾಪನಿವೇದನೆ ಕೇಳಿ, ಕಡೆಯ ತೈಲ ಹಚ್ಚಿ ಎದ್ದು ಹೊರಟರು. ಆರೋಗ್ಯಮ್ಮ ಬಾಗಿಲಿಗೆ ಅಡ್ಡ ನಿಂತಳು.

“ಒಂದು ಉಳದೈತ್ರಿ, ಸ್ವಾಮಿ. ಈಕಿಗೆ ದೃಢೀಕರಣ ಆಗಿಲ್ಲ. ನೀವು ಬೈಯಾದಿದ್ರ ನನಗ ಬೈರಿ.”

ಫಾದರು ಬೈಯಲಿಲ್ಲ. “ಭಾನುವಾರದವರೆಗೆ ಇವರು ಇರೋದು ಕಷ್ಟ,” ಎಂದರು. “ಆದರೆ ಸಾಯೋ ಸ್ಥಿತಿಯಲ್ಲಿ ಇರೋರಿಗೆ ಊರಿನ ಫಾದರೇ ಕೊಡಬಹುದು ಅಂತ ಮೂರು ವರ್ಷದ ಹಿಂದೆ ರೋಮಿನಿಂದ ಅಪ್ಪಣೆ ಆಗಿದೆ. ನಾನು ಕೊಡ್ತೀನಿ. ಜ್ಞಾನತಾಯಿ ಯಾರು?”

ಕೋಣೆಯಲ್ಲಿ ಇದ್ದವಳು ಒಬ್ಬಳೇ. ಗಿಡ್ಡಮ್ಮ ಒಂದು ಕಣ್ಣು ತೆರೆದಳು.

“ಈಕಿನಾ?”

“ಬ್ಯಾಡಾದ್ರ ಎದ್ದು ಹೋಗಿ ಬ್ಯಾರೆದಾಕಿನ್ನ ಕರಕಂಡ ಬಾ,” ಎಂದಳು ಆರೋಗ್ಯಮ್ಮ. ಹಾಗೆನ್ನುತ್ತಲೇ ಮಂಚದ ತಲೆಯ ಕಡೆ ಹೋಗಿ, ಗಿಡ್ಡಮ್ಮನ ಹೆಗಲ ಮೇಲೆ ಬಲಗೈ ಇಟ್ಟಳು. ಗಟ್ಟಿಯಾಗಿಯೇ ಇಟ್ಟಳು. “ಈಗ ಓಡು ನೋಡೋಣ.”

ಫಾದರು ಹಣೆಗೆ ತೈಲ ಹಚ್ಚಿದರು. ಗಿಡ್ಡಮ್ಮ ಕಣ್ಣುಗಳನ್ನು ಬಿಗಿಯಾಗಿ ಮುಚ್ಚಿ, ಹಲ್ಲು ಕಚ್ಚಿ, ಹೆಗಲ ಮೇಲಿನ ಆ ಕೈಯನ್ನು ತನ್ನ ಕೈಯಿಂದ ಹಿಡಿದುಕೊಂಡಳು. ಫಾದರು ಎರಡು ಬೆರಳಿನಿಂದ ಕೆನ್ನೆಯನ್ನು ಮೆಲ್ಲಗೆ ತಟ್ಟಿದರು. ಗಿಡ್ಡಮ್ಮ ಹಾಗೇ ಕಾದಳು.

“ಆಯ್ತಮ್ಮ,” ಎಂದರು ಫಾದರು.

ಗಿಡ್ಡಮ್ಮ ಕಣ್ಣು ಬಿಟ್ಟಳು. “ಇಷ್ಟೇ ಏನ್ರಿ?”

“ಇಷ್ಟೇ.”

“ನಲವತ್ತೆಂಟು ವರ್ಷದಿಂದ ಹೇಳಬೇಕಂತಿದ್ದೆ,” ಎಂದಳು ಆರೋಗ್ಯಮ್ಮ. “ನೀ ಯಾವತ್ತರ ನನ್ನ ಮಾತು ಕೇಳಿದ್ದಿ?”

ಗಿಡ್ಡಮ್ಮ ನಗಲು ಹೋಗಿ ಕೆಮ್ಮಿದಳು. ಕೆಮ್ಮು ನಿಂತ ಮೇಲೆ ಮತ್ತೆ ನಕ್ಕಳು. ಶುಕ್ರವಾರ ಬೆಳಗಿನ ಪೂಜೆಯ ಗಂಟೆಯ ಹೊತ್ತಿಗೆ ಹೋದಳು. ಅಲ್ಲಿಯವರೆಗೂ ಆಗಾಗ ಎಚ್ಚರವಾದಾಗ, “ಇಷ್ಟಕ್ಕ ಓಡಿದ್ನಲ್ಲ ಆರೋಗಿ,” ಎನ್ನುತ್ತಿದ್ದಳಂತೆ.

*

ಮೂರು ಗಂಟೆಗೆ ಫಾದರು ಸೈಕಲ್ ಇಳಿದು ಬಂದವರೇ ಹನ್ನೊಂದು ಹೆಂಗಸರ ನಡುವೆ ಸಿಕ್ಕಿಬಿದ್ದರು. ಕೇಳಿದ್ದನ್ನೆಲ್ಲ ಕೇಳಿ, ಬೆವರು ಒರೆಸಿಕೊಂಡು, “ತೈಲ ಹಚ್ಚಿದ್ದು ಬಿಷಪ್ಪರು, ಗಿಡ್ಡಮ್ಮನವರಲ್ಲ. ನಿಮ್ಮದೆಲ್ಲ ಸರಿಯಾಗೇ ಇದೆ. ಯಾರೂ ಮತ್ತೆ ಹೊಡೆಸಿಕೊಳ್ಳಬೇಕಾಗಿಲ್ಲ,” ಎಂದರು. ಇನ್ನಾಸಪ್ಪನಿಂದ ಪುಸ್ತಕ ತೆಗೆದುಕೊಂಡು, ಖಾಲಿ ಜಾಗದಲ್ಲಿ ಗುರುವಾರದ ತಾರೀಖನ್ನೂ ಜ್ಞಾನತಾಯಿ ಆರೋಗ್ಯಮ್ಮ ಎಂಬುದನ್ನೂ ಬರೆದರು. ಮೋಸ ಎಂದಿದ್ದವಳು ಗಿಡ್ಡಮ್ಮನ ಕಾಲು ಮುಟ್ಟಿ ಅತ್ತಳು.

ಆರೋಗ್ಯಮ್ಮ ಚೀಲವನ್ನು ಪೆಟ್ಟಿಗೆಯ ಕಾಲ ಬಳಿ ಒತ್ತಿ ಕೂರಿಸುತ್ತಿದ್ದಳು.

“ನಿನ್ನ ಮಂಡಕ್ಕಿ ಕಾಲಿಗೆ ಹತ್ತಿದ್ರ ಎದ್ದು ಕುಂದ್ರತಾಳ ನೋಡು,” ಎಂದಳು ಹಂಪಮ್ಮ.

“ಏಳಲಿ. ನನಗೂ ಮಾತಾಡಾಕ ಯಾರಿಲ್ಲ ಈಗ,” ಎಂದಳು ಆರೋಗ್ಯಮ್ಮ. ಆಗ ಅವಳ ಕಣ್ಣಿನಿಂದ ನೀರು ಇಳಿಯಿತು. ಒರೆಸಿಕೊಳ್ಳಲು ಎರಡೂ ಕೈ ಖಾಲಿಯಿರಲಿಲ್ಲ. ಜಡೆಮ್ಮ ತನ್ನ ಸೆರಗಿನಿಂದ ಒರೆಸಿದಳು.

“ಅತ್ತಿ, ನಾಳಿ ನನ್ನ ಹಿಂದ ನಿಂದ್ರತೀರೇನ್ರಿ?”

ಆರೋಗ್ಯಮ್ಮ ಅವಳನ್ನು ದಿಟ್ಟಿಸಿದಳು. “ನಿನಗ ನನ್ನ ಕಂಡ್ರ ಆಗಾಂಗಿಲ್ಲಲ್ಲ.”

“ಮಧ್ಯಾಹ್ನದ ಮಟ ಆಗತಿದ್ದಿಲ್ರಿ.”

“ಓಡಾಂಗಿಲ್ಲ ಮತ್ತ. ಈ ಸಲ ಕಾಲ ತುಳಿಸ್ಕಂಡ್ರ ನಾ ಸುಮ್ಮನಿರಾಕಿ ಅಲ್ಲ.”

“ಓಡಾಂಗಿಲ್ಲ.”

ಮಾರೆಣ್ಣ ಹೆಸರು ಬರೆಸಲು ಇನ್ನಾಸಪ್ಪನ ಹಿಂದೆ ಓಡಿದ. ಪೆಟ್ಟಿಗೆಗೆ ಮುಚ್ಚಳ ಬಿತ್ತು. ಹೊತ್ತವರು ನಾಲ್ಕು ಹೆಜ್ಜೆ ಹಾಕುವಷ್ಟರಲ್ಲಿ ಒಳಗಿನಿಂದ ಗರಗರ ಸದ್ದು ಶುರುವಾಯಿತು. ಹೆಜ್ಜೆ ಹಾಕಿದಾಗಲೊಮ್ಮೆ ಗರಗರ. ಚರ್ಚಿಗೆ ಹೋಗುವಾಗಲೂ ಅಲ್ಲಿಂದ ಸಮಾಧಿ ಜಾಗಕ್ಕೆ ಹೋಗುವಾಗಲೂ ಅದೇ. ಬ್ರೂಸ್‌ಪೇಟೆಯ ಅಂಗಡಿಯವರು ಎದ್ದು ನಿಂತು ಕೈ ಮುಗಿದರು, ಆಮೇಲೆ ಕಿವಿಗೊಟ್ಟರು. ಹೊತ್ತವರು ತುಟಿ ಕಚ್ಚಿಕೊಂಡು ನಡೆದರು. ಹಿಂದೆ ಬರುತ್ತಿದ್ದ ಆರೋಗ್ಯಮ್ಮ ಮಾತ್ರ, “ನಂದು ಎಷ್ಟು ಗರಿಗರಿ ಇರತಾವ ಅಂತ ಈಗರ ಆಕಿಗೆ ತಿಳೀಲಿ,” ಎಂದಳು.

ಭಾನುವಾರ ಜಡೆಮ್ಮ ಸಾಲಿನ ಕೊನೆಯಲ್ಲಿ ನಿಂತಿದ್ದಳು. ಪಕ್ಕದಲ್ಲಿ ಗಿಡ್ಡಮ್ಮ ನಿಲ್ಲಬೇಕಾಗಿದ್ದ ಜಾಗ ಹಾಗೇ ಇತ್ತು. ಬಿಷಪ್ಪರು ಮೂರು ಹುಡುಗಿಯರ ಆಚೆ ಬಂದಾಗ ಅವಳ ಕಾಲು ಹಳೆಯ ಚಾಳಿಯಂತೆ ಬಾಗಿಲ ಕಡೆ ತಿರುಗಿತು. ಆಗಲೇ ಒರಟಾದ ಬಿಸಿ ಕೈಯೊಂದು ಹೆಗಲ ಮೇಲೆ ಬಂದು ಕೂತಿತು. “ಹೆದರಬ್ಯಾಡ, ನಾ ಅದೀನಿ,” ಎಂಬ ಮಾತು ಮಾತ್ರ ಕಿವಿಯ ಹತ್ತಿರದಿಂದ ಬರಲಿಲ್ಲ. ಎಲ್ಲೋ ಮೇಲಿನಿಂದ ಬಂತು.

ಬಿಷಪ್ಪರು ತೈಲ ಹಚ್ಚಿ, ಜಡೆಮ್ಮನ ಕೆನ್ನೆ ತಟ್ಟಿದರು. ಇಷ್ಟೇ ಏನ್ರಿ ಎಂಬ ಮಾತು ಅವಳ ನಾಲಿಗೆಯವರೆಗೂ ಬಂದು ನಗುವಾಯಿತು. ಬಿಷಪ್ಪರು ಅವಳನ್ನು ನೋಡುತ್ತಿರಲಿಲ್ಲ. ಅವಳ ತಲೆಯ ಮೇಲಕ್ಕೆ, ಇನ್ನೂ ಮೇಲಕ್ಕೆ ಕತ್ತೆತ್ತಿ ನೋಡುತ್ತಿದ್ದರು. ಜಡೆಮ್ಮ ಹಿಂತಿರುಗಿದಳು. ಇಡೀ ಚರ್ಚಿನಲ್ಲಿ ಎಲ್ಲರಿಗಿಂತ ಎತ್ತರದ ಹೆಂಗಸು, ಗಿಡ್ಡಮ್ಮನ ಮಣೆ ಹತ್ತಿ, ತೂಗುವ ದೀಪಕ್ಕೆ ತಲೆ ತಗುಲಿಸಿಕೊಂಡು ನಿಂತಿದ್ದಳು.